ಜನರಲ್ ಸಾಹೇಬರು ಮೊದಲ ಟ್ಯಾಂಕಿನಲ್ಲಿ ಕೂತಿದ್ದು ಯಾಕೆ?

ನಮ್ಮ ದೊಡ್ಡಪ್ಪ ಎಂಇಜಿಯಲ್ಲಿದ್ದರು. ಎಂಇಜಿ ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇದೆಯಲ್ಲ, ಅದೇ. ಹವಾಲ್ದಾರ್ ಆಗಿ ರಿಟೈರ್ ಆಗಿ ಹಾಸನದ ಕಡೆಯ ನಮ್ಮ ಊರಿಗೆ ಬಂದರು. 71ರ ಯುದ್ಧ ನೋಡಿದವರು. ಮಕ್ಕಳೆಲ್ಲ ಸುತ್ತ ಕೂತು "ಯುದ್ಧದ ಕತೆ ಹೇಳಿ ದೊಡ್ಡಪ್ಪ" ಅಂತ ಪೀಡಿಸಿದರೆ ಅವರು ಶುರು ಮಾಡುತ್ತಿದ್ದದ್ದು ಕಾಲುಚೀಲದಿಂದ. ಒದ್ದೆ ಕಾಲುಚೀಲ, ಒಣಗಿಸೋಕೆ ಬೆಂಕಿ ಹಾಕುವ ಹಾಗಿಲ್ಲ, ಬೆಳಗಾದರೆ ಅದನ್ನೇ ಮತ್ತೆ ಹಾಕಿಕೊಳ್ಳಬೇಕು. ನಮಗೆ ಬೇಕಾಗಿದ್ದದ್ದು ಢಂ ಢಂ ಕತೆ. ಸಿಗುತ್ತಿದ್ದದ್ದು ಕಾಲುಚೀಲ, ಲಂಗರಿನ (ಸೈನ್ಯದ ಅಡುಗೆಮನೆಯ) ಚಹಾ ಮತ್ತು ಒಬ್ಬ ಮೇಜರ್ ಸಾಹೇಬರು.

ಆ ಮೇಜರ್ ಕತೆ ಇಷ್ಟೇ. ಪಂಜಾಬಿನ ಗಡಿ, ಡಿಸೆಂಬರ್ ಚಳಿ. ರಾತ್ರಿ ಹೊಟ್ಟೆಯ ಮೇಲೆ ಮಲಗಿ, ಕೈಯಲ್ಲಿ ಮೊನೆಯ ಕಡ್ಡಿ ಹಿಡಿದು, ನೆಲ ಚುಚ್ಚಿ ಚುಚ್ಚಿ ಮೈನ್ ಹುಡುಕಬೇಕು. ಓರೆಯಾಗಿಯೇ ಚುಚ್ಚಬೇಕು. ನೇರ ಚುಚ್ಚಿದರೆ ಕಡ್ಡಿ ಮೈನಿನ ತಲೆಗೆ ತಗಲುತ್ತದೆ, ಓರೆ ಚುಚ್ಚಿದರೆ ಪಕ್ಕೆಗೆ. ಮೈನ್ ತೆಗೆದ ದಾರಿಗೆ ಎರಡೂ ಕಡೆ ಬಿಳಿ ಟೇಪು ಎಳೆಯಬೇಕು. ಟ್ಯಾಂಕುಗಳು ಆ ಟೇಪಿನ ನಡುವೆಯೇ ಹೋಗಬೇಕು. ದಾರಿ ಕ್ಲಿಯರ್ ಅಂತ ಹೇಳಿದ ಮೇಲೆ ಮೇಜರ್ ಸಾಹೇಬರು ಒಂದೂ ಮಾತಾಡದೆ ಟೇಪಿನ ನಡುವೆ ಆ ತುದಿಯವರೆಗೆ ನಡೆದು ವಾಪಸ್ ಬಂದರಂತೆ. "ಅಷ್ಟೇ ಕಣ್ರೋ. ಭಾಷಣ ಗೀಷಣ ಏನಿಲ್ಲ" ಅನ್ನುತ್ತಿದ್ದರು ದೊಡ್ಡಪ್ಪ. ಯಾವ ಜನರಲ್ ಆ ಯುದ್ಧ ನಡೆಸಿದರು, ಪ್ಲಾನ್ ಏನಿತ್ತು ಅಂತ ಕೇಳಿದರೆ, "ಅದೆಲ್ಲ ಪೇಪರಲ್ಲಿ ಬರುತ್ತೆ, ಓದ್ಕೊ."

ಮಿಲಿಟರಿಯಿಂದ ಬಂದ ಹಿರಿಯರ ಹತ್ತಿರ ಕೂತವರಿಗೆಲ್ಲ ಇದು ಗೊತ್ತು. ಪ್ಲಾನು, ನಕ್ಷೆ, ತಂತ್ರ ಇವೆಲ್ಲ ಅವರ ನೆನಪಿನಲ್ಲಿ ಕಡಿಮೆ. ಸಾಹೇಬ ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದ, ಊಟ ಬಂತಾ ಇಲ್ಲವಾ, ಬೂಟು ಸರಿ ಇತ್ತಾ, ಇವು ಮಾತ್ರ ಅಚ್ಚೊತ್ತಿದ ಹಾಗೆ ಉಳಿದಿರುತ್ತವೆ. ಬಹಳ ದಿನ ಇದನ್ನು ನಾನು ವಯಸ್ಸಾದವರ ಮರೆವು ಅಂದುಕೊಂಡಿದ್ದೆ. ಅದು ಮರೆವಲ್ಲ. ಸೈನ್ಯದಲ್ಲಿ ನಾಯಕತ್ವ ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಅವರು ನಮಗಿಂತ ಸರಿಯಾಗಿ ಹೇಳುತ್ತಿರುತ್ತಾರೆ.

ಮೊದಲು ಲೆಕ್ಕ ನೋಡೋಣ. ಕಾಲಾಳು ಪಡೆಯಲ್ಲಿ ಸುಮಾರು 10 ಜನರದ್ದು ಒಂದು ಸೆಕ್ಷನ್. ಅದಕ್ಕೊಬ್ಬ ಹವಾಲ್ದಾರ್ ಅಥವಾ ನಾಯಕ್. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್. ಅದಕ್ಕೆ ಸುಬೇದಾರ್ ಇರಬಹುದು, ಮೀಸೆ ಚಿಗುರಿದ ಲೆಫ್ಟಿನೆಂಟ್ ಇರಬಹುದು. ಮೂರು ಪ್ಲಟೂನಿಗೆ ಒಂದು ಕಂಪನಿ, ನೂರಿಪ್ಪತ್ತರ ಹತ್ತಿರ ಜನ, ಒಬ್ಬ ಮೇಜರ್. ಕಂಪನಿಗಳು ಸೇರಿ ಬೆಟಾಲಿಯನ್, ನಮ್ಮವರ ಬಾಯಲ್ಲಿ ಪಲ್ಟನ್. ಎಂಟುನೂರು ಜನ, ಮೇಲೊಬ್ಬ ಕರ್ನಲ್, ಅವರೇ ಸಿಒ (ಕಮಾಂಡಿಂಗ್ ಆಫೀಸರ್) ಸಾಬ್. ಮೂರು ಪಲ್ಟನ್ನಿಗೆ ಬ್ರಿಗೇಡ್, ಮೂರು ಬ್ರಿಗೇಡಿಗೆ ಡಿವಿಷನ್, ಅದರ ಮೇಲೆ ಮೇಜರ್ ಜನರಲ್.

ಈ ಏಣಿಯಲ್ಲಿ ಮೇಲೆ ಹೋದ ಹಾಗೆ ಬದಲಾಗುವುದು ಸಂಬಳ ಮತ್ತು ನಕ್ಷತ್ರ ಮಾತ್ರ ಅಲ್ಲ. ಎಷ್ಟು ಹೊತ್ತು ಮುಂದಕ್ಕೆ ನೋಡಬೇಕು ಅನ್ನುವುದೂ ಬದಲಾಗುತ್ತದೆ. ಸೆಕ್ಷನ್ ಹವಾಲ್ದಾರನಿಗೆ ಮುಂದಿನ ಐದು ನಿಮಿಷ ಮುಖ್ಯ. ಆ ಬಂಡೆಯಿಂದ ಈ ಬಂಡೆಗೆ ಹೇಗೆ ಹೋಗೋದು? ಕಂಪನಿಯ ಮೇಜರ್‌ಗೆ ಮುಂದಿನ ಒಂದೆರಡು ಗಂಟೆ. ಸಿಒಗೆ ನಾಳೆ. ಜನರಲ್‌ಗೆ ಮುಂದಿನ ವಾರ, ಮುಂದಿನ ತಿಂಗಳು. ರಸ್ತೆ ಇದೆಯಾ? ಸೇತುವೆ ತಡೆಯುತ್ತಾ? ಹಿಮ ಬೀಳುವ ಮೊದಲು ಕೆಲಸ ಮುಗಿಯುತ್ತಾ? ಹಾಗಾಗಿ ಹವಾಲ್ದಾರನ ನಾಯಕತ್ವ ಎಲ್ಲರ ಕಣ್ಣಿಗೆ ಕಾಣುತ್ತದೆ. ಜನರಲ್‌ನದು ಕಾಣುವುದೇ ಇಲ್ಲ. ಜವಾನನ ಪಾಲಿಗೆ ಜನರಲ್ ಅಂದರೆ ಸರಿಯಾದ ಹೊತ್ತಿಗೆ ಬಂದ ಬೂಟು, ಅಷ್ಟೇ. ಅಥವಾ ಬಾರದೆ ಉಳಿದ ಬೂಟು.

ಹೀಗಿರುವಾಗ ಜನರಲ್ ಒಬ್ಬರು ಎಲ್ಲರಿಗಿಂತ ಮುಂದೆ ಹೋದರೆ? ಪುಸ್ತಕದ ಪ್ರಕಾರ ತಪ್ಪು. ಅವರಿಗೆ ಏನಾದರೂ ಆದರೆ ಸಾವಿರಾರು ಜನರ ತಲೆ ಹೋದ ಹಾಗೆ. ಆದರೂ ಭಾರತದ ಸೈನ್ಯದಲ್ಲಿ ತುಂಬ ಜನ ನೆನೆದು ನೆನೆದು ಹೇಳುವ ಕತೆ ಅಂಥದ್ದೇ. ಅದರ ನಾಯಕರು ನಮ್ಮ ಮಡಿಕೇರಿಯವರು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ. 1926ರಲ್ಲಿ ಸೈನ್ಯ ಸೇರಿದರು. 1945ರಲ್ಲಿ ಬರ್ಮಾದ ಅರಕಾನ್ ಕಾಡಿನಲ್ಲಿ, ಕಂಗಾವ್ ಅನ್ನುವಲ್ಲಿ, ಜಪಾನಿಯರ ಎದುರು ಪಲ್ಟನ್ ನಡೆಸಿ ಡಿಎಸ್‌ಒ ಅನ್ನುವ ಬ್ರಿಟಿಷ್ ಸೇನಾ ಪದಕ ಪಡೆದರು. ಪಲ್ಟನ್ ನಡೆಸುವವನು ಮುಂದೆಯೇ ಇರಬೇಕು, ಅಲ್ಲಿ ಅದು ಕೆಲಸದ ಭಾಗ. ಮೂರು ವರ್ಷ ಕಳೆಯುವಷ್ಟರಲ್ಲಿ ಅವರು ಮೇಜರ್ ಜನರಲ್. 1948ರಲ್ಲಿ ಕಾಶ್ಮೀರದ ಡಿವಿಷನ್ ಅವರ ಕೈಯಲ್ಲಿತ್ತು. ಪಶ್ಚಿಮದ ಇಡೀ ಸೈನ್ಯದ ಕಮಾಂಡರ್ ಕಾರ್ಯಪ್ಪ. ಅಂದರೆ ಆ ಏಣಿಯ ಎರಡು ದೊಡ್ಡ ಮೆಟ್ಟಿಲುಗಳಲ್ಲಿ ಕೊಡಗಿನವರು.

ಆ ವರ್ಷ ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜತೆ ನಡೆಯುತ್ತಿದ್ದ ಯುದ್ಧದಲ್ಲಿ ಪರಿಸ್ಥಿತಿ ಹದಗೆಟ್ಟಿತ್ತು. ಮೇ ತಿಂಗಳಲ್ಲಿ ಕಾರ್ಗಿಲ್ ಕೈಬಿಟ್ಟಿತು, ಆಮೇಲೆ ದ್ರಾಸ್. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಮುಚ್ಚಿತು. ಲೇಹ್‌ನಲ್ಲಿ ಇದ್ದದ್ದು ಬೆರಳೆಣಿಕೆಯ ಸೈನಿಕರು. ಅವರೂ ಫೆಬ್ರವರಿಯ ಹಿಮದಲ್ಲಿ ಪೃಥ್ವಿ ಚಂದ್ ಅನ್ನುವ ಅಧಿಕಾರಿಯ ಜತೆ ಕಣಿವೆ ದಾಟಿ ನಡೆದು ಹೋದವರು. ಇನ್ನೂ ಆಚೆ ಸ್ಕರ್ದುವಿನ ಕೋಟೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಮುತ್ತಿಗೆಯೊಳಗೆ ಆರು ತಿಂಗಳು ತಡೆದು, ಆಗಸ್ಟ್ 14ಕ್ಕೆ ಸೋತರು.

ಲೇಹ್ ಉಳಿಯಬೇಕಾದರೆ ಜನರನ್ನು ವಿಮಾನದಲ್ಲಿ ಇಳಿಸಬೇಕು. ಅಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಊರವರನ್ನು ಸೇರಿಸಿ ಮರಳು ನೆಲದಲ್ಲೊಂದು ಪಟ್ಟಿ ಸಮ ಮಾಡಿದರು. ಎತ್ತರ 10,000 ಅಡಿಗೂ ಜಾಸ್ತಿ. ದಾರಿಯಲ್ಲಿ ಅದಕ್ಕಿಂತ ಎಷ್ಟೋ ಎತ್ತರದ ಶಿಖರಗಳು. ಡಕೋಟಾ ವಿಮಾನ ಅಂಥ ಜಾಗಕ್ಕೆ ಮಾಡಿದ್ದೇ ಅಲ್ಲ. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ತಾವೇ ವಿಮಾನ ಓಡಿಸಿಕೊಂಡು ಹೋಗಿ ಇಳಿಸಿದರು. ಒಳಗೆ ಕೂತಿದ್ದವರು ತಿಮ್ಮಯ್ಯ. ದೊಡ್ಡ ಹುದ್ದೆಯ ಇಬ್ಬರು ಮೊದಲ ವಿಮಾನದಲ್ಲಿ ಹೋಗಿ ಬಂದ ಮೇಲೆ ಉಳಿದ ಪೈಲಟ್‌ಗಳಿಗೆ "ಆಗಲ್ಲ" ಅನ್ನೋಕೆ ಬಾಯಿ ಬರುತ್ತಾ?

ಆದರೆ ವಿಮಾನದಲ್ಲಿ ಎಷ್ಟು ಜನ ಹೋಗಬಹುದು? ರಸ್ತೆ ತೆರೆಯಲೇಬೇಕು. ರಸ್ತೆಯ ಕುತ್ತಿಗೆ ಜೋಜಿಲಾ. ಲಾ ಅಂದರೆ ಅಲ್ಲಿನ ಮಾತಿನಲ್ಲಿ ಕಣಿವೆ ದಾರಿ. ಎತ್ತರ ಸುಮಾರು 11,500 ಅಡಿ. ಎರಡೂ ಕಡೆ ಕಡಿದಾದ ಬಂಡೆ ಗೋಡೆ, ಅದರ ಸಂದುಗಳಲ್ಲಿ ಎದುರಾಳಿಗಳ ಮೆಷಿನ್ ಗನ್. ಸೆಪ್ಟೆಂಬರಿನಲ್ಲಿ ಬ್ರಿಗೇಡಿಯರ್ ಅಟಲ್ ಅವರ 77 ಪ್ಯಾರಾ ಬ್ರಿಗೇಡ್ ದಾಳಿ ಮಾಡಿ ವಿಫಲವಾಯಿತು. ಧೈರ್ಯ ಕಡಿಮೆಯಾಗಿ ಸೋತದ್ದಲ್ಲ. ಬಯಲಲ್ಲಿ ನಡೆಯುವ ಮನುಷ್ಯ, ಬಂಡೆಯೊಳಗಿನ ಮೆಷಿನ್ ಗನ್. ಇದರಲ್ಲಿ ಯಾರು ಗೆಲ್ಲುತ್ತಾರೆ ಅನ್ನೋಕೆ ಮಿಲಿಟರಿ ಕಾಲೇಜಿಗೆ ಹೋಗಬೇಕಾಗಿಲ್ಲ.

ಆಗ ಬಂದ ಯೋಚನೆ ಟ್ಯಾಂಕ್. ಕೇಳಿದವರು ನಕ್ಕಿರಬೇಕು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಯುದ್ಧ ಅದುವರೆಗೆ ಯಾರೂ ಮಾಡಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮುವಿನ ಕಡೆ ಇದ್ದವು. ಒಂದೊಂದು ಸುಮಾರು 15 ಟನ್. ಟ್ಯಾಂಕುಗಳ ಮಟ್ಟಿಗೆ ಇದು ಹಗುರ. ಆದರೆ ದಾರಿಯ ಸೇತುವೆಗಳು ಅಷ್ಟನ್ನೂ ತಡೆಯುವ ಹಾಗಿರಲಿಲ್ಲ. ಹಾಗಾಗಿ ಟ್ಯಾಂಕಿನ ಟರೆಟ್, ಅಂದರೆ ತೋಪು ಕೂರಿಸಿದ ಮೇಲಿನ ತಲೆ, ಅದನ್ನೇ ಬಿಚ್ಚಿದರು. ಭಾರ ಇಳಿಯಿತು. ಇನ್ನೊಂದು ಲಾಭವೂ ಆಯಿತು. ತಲೆ ಇಲ್ಲದ ಟ್ಯಾಂಕಿನ ಮೇಲೆ ಟಾರ್ಪಾಲು ಹೊದಿಸಿದರೆ ನೋಡಿದವನಿಗೆ ಅದು ಟ್ಯಾಂಕ್ ಅಂತ ಹೊಳೆಯುವುದಿಲ್ಲ. ರಾತ್ರಿ ಹೊತ್ತು, ಊರುಗಳಲ್ಲಿ ಕರ್ಫ್ಯೂ ಹಾಕಿಸಿ, ಬನಿಹಾಲ್ ದಾಟಿಸಿ, ಶ್ರೀನಗರದ ಮೂಲಕ ಜೋಜಿಲಾದ ಬುಡದ ಬಾಲ್ತಾಲ್‌ಗೆ ತಂದರು. ತಂಡ ನಡೆಸಿದವರು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್. ಸೈನ್ಯದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಸ್ಪ್ಯಾರೋ ಅಂತ.

ಬಾಲ್ತಾಲ್‌ನಿಂದ ಮೇಲೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ. ಟ್ಯಾಂಕ್ ಹೋಗಬೇಕಾದರೆ ಬಂಡೆ ಸಿಡಿಸಿ ಅಗಲ ಮಾಡಬೇಕು. ಅದೂ ಮೇಲಿನಿಂದ ಗುಂಡು ಬೀಳುತ್ತಿರುವಾಗ. ಆ ಕೆಲಸಕ್ಕೆ ಇಳಿದವರು ಮೇಜರ್ ತಂಗರಾಜು ಮತ್ತು ಅವರ ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ದೊಡ್ಡಪ್ಪನ ಎಂಇಜಿಯವರೇ. ಸೈನ್ಯದಲ್ಲಿ ಇವರಿಗೆ ತಂಬಿಗಳು ಅಂತ ಪ್ರೀತಿಯ ಹೆಸರು. ದಕ್ಷಿಣದ ಸೆಕೆಯಲ್ಲಿ ಬೆಳೆದ ಹುಡುಗರು, ಹಲಸೂರಿನಲ್ಲಿ ತರಬೇತಿ ಪಡೆದವರು, ಅಕ್ಟೋಬರಿನ ಹಿಮಗಾಳಿಯಲ್ಲಿ ಸಲಿಕೆ, ಹಾರೆ, ಸಿಡಿಮದ್ದು ಹಿಡಿದು ರಸ್ತೆ ಮಾಡಿದರು. ಅದು ಮುಗಿಯಿತು. ಆದರೆ ಹವಾಮಾನ ಕೈಕೊಟ್ಟು ದಾಳಿ ಮುಂದಕ್ಕೆ ಹೋಯಿತು. ಇನ್ನು ಕೆಲವು ವಾರ ತಡವಾದರೆ ಕಣಿವೆ ಹಿಮದಲ್ಲಿ ಮುಚ್ಚಿ ಮುಂದಿನ ಬೇಸಿಗೆವರೆಗೆ ಕಾಯಬೇಕು. ಅಷ್ಟರಲ್ಲಿ ಲೇಹ್ ಉಳಿದಿರುತ್ತಿತ್ತಾ?

ನವೆಂಬರ್ 1ರ ಮಧ್ಯಾಹ್ನ ಟ್ಯಾಂಕುಗಳು ಹತ್ತಿದವು. ಮುಂದಿನ ಟ್ಯಾಂಕಿನಲ್ಲಿ ಡಿವಿಷನ್ ಕಮಾಂಡರ್ ತಿಮ್ಮಯ್ಯ. ಬಂಡೆಯ ಸಂದಿನಲ್ಲಿದ್ದವರು ಟ್ಯಾಂಕ್ ಬರುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಟ್ಯಾಂಕಿಗೆ ಮತ್ತೆ ಕೂರಿಸಿದ ತೋಪುಗಳು ನೇರವಾಗಿ ಆ ಸಂದುಗಳಿಗೇ ಹೊಡೆದವು. ಸಂಜೆಯೊಳಗೆ ಕಣಿವೆಯ ಆಚೆಯ ಗುಮ್ರಿ ಬಯಲು ಸಿಕ್ಕಿತು. ನವೆಂಬರ್ ನಡುವಿಗೆ ದ್ರಾಸ್, ತಿಂಗಳ ಕೊನೆಯ ವಾರದಲ್ಲಿ ಕಾರ್ಗಿಲ್. ಲೇಹ್ ಉಳಿಯಿತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಜನರಲ್ ಯಾಕೆ ಅಲ್ಲಿ ಕೂತರು? ಬರೀ ಧೈರ್ಯ ಅಂತ ಬಿಟ್ಟರೆ ಅರ್ಧ ಉತ್ತರ. ಒಂದು, ಟ್ಯಾಂಕ್ ಹತ್ತುತ್ತದೋ ಇಲ್ಲವೋ ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಪೆಟ್ಟು ತಿಂದ ಪಲ್ಟನ್ನುಗಳೇ ಹಿಂದೆ ನಡೆದು ಬರಬೇಕಿತ್ತು. ಆ ಅನುಮಾನಕ್ಕೆ ಬಾಯಿಮಾತಿನಲ್ಲಿ ಮದ್ದಿಲ್ಲ. ನಮ್ಮ ದೊಡ್ಡಪ್ಪನ ಮೇಜರ್ ಟೇಪಿನ ನಡುವೆ ನಡೆದದ್ದೂ ಇದಕ್ಕೇ. ಇನ್ನೊಂದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆ ಮಧ್ಯಾಹ್ನ ಅವರಿಗೆ ಹಿಂದೆ ಕೂತು ಮಾಡುವ ಕೆಲಸ ಜಾಸ್ತಿ ಉಳಿದಿರಲಿಲ್ಲ. ಜನರಲ್‌ನ ಕೆಲಸ ಅಂದೆನಲ್ಲ, ಮುಂದಿನ ವಾರ, ಮುಂದಿನ ತಿಂಗಳು, ಅದು ಅಕ್ಟೋಬರಿನಲ್ಲೇ ಮುಗಿದಿತ್ತು. ಸೇತುವೆ, ಟರೆಟ್, ಕರ್ಫ್ಯೂ, ರಸ್ತೆ. ಇಷ್ಟನ್ನು ಮಾಡಿ ಮುಗಿಸಿದ್ದರಿಂದಲೇ ಮುಂದೆ ಹೋಗಿ ಕೂರುವ ಹಕ್ಕು ಬಂತು.

ಇದು ಸುಮ್ನೆ ನನ್ನ ವಾದ ಅನ್ನಿಸಿದರೆ 14 ವರ್ಷ ಮುಂದಕ್ಕೆ ಬನ್ನಿ. 1962ರ ಅಕ್ಟೋಬರ್. ಈಗಿನ ಅರುಣಾಚಲದ ತವಾಂಗ್‌ನ ಪಶ್ಚಿಮಕ್ಕೆ ನಾಮ್ಕಾ ಚು ಅನ್ನುವ ಸಣ್ಣ ಹೊಳೆ. ಆಚೆ ದಡದ ಎತ್ತರದಲ್ಲಿ ಚೀನೀಯರು, ಈಚೆ ದಡದ ಕೆಳಗೆ ಬ್ರಿಗೇಡಿಯರ್ ಜಾನ್ ದಳ್ವಿಯವರ 7ನೇ ಬ್ರಿಗೇಡ್. ಡಿವಿಷನ್ ಮೇಲಿನ ಮೆಟ್ಟಿಲು ಕೋರ್, ಅದರ ಕಮಾಂಡರ್ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್. ಅವರೂ ಮುಂದೆ ಹೋದರು. ಇದನ್ನು ಬಹಳ ಜನ ಮರೆಯುತ್ತಾರೆ. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೂ ಎತ್ತರದ ಕಣಿವೆ ದಾಟಿ ಆ ಹೊಳೆಯ ದಡಕ್ಕೇ ಹೋಗಿ ಕೂತರು. ಅಕ್ಟೋಬರ್ 10ರಂದು ಮುಂದೆ ಕಳಿಸಿದ್ದ 9 ಪಂಜಾಬ್ ಪಲ್ಟನ್ನಿನ ತುಕಡಿಯ ಮೇಲೆ ಚೀನೀಯರು ಮುಗಿಬಿದ್ದದ್ದನ್ನು ಕಣ್ಣಾರೆ ನೋಡಿದರು. ಡಿವಿಷನ್ ಕಮಾಂಡರ್‌ಗಿಂತಲೂ ದೊಡ್ಡ ಹುದ್ದೆಯವರು, ತಿಮ್ಮಯ್ಯನವರ ಹಾಗೆಯೇ ಮುಂದಿನ ಸಾಲಿನಲ್ಲಿ!

ಆದರೆ ಹಿಂದೆ ರಸ್ತೆ ಇರಲಿಲ್ಲ. ರಸ್ತೆ ಮುಗಿಯುವ ಜಾಗದಿಂದ ದಿನಗಟ್ಟಲೆ ನಡಿಗೆ. ವಿಮಾನದಿಂದ ಬೀಳಿಸಿದ ಸಾಮಾನಿನಲ್ಲಿ ಎಷ್ಟೋ ಕಮರಿಗೆ ಹೋಗುತ್ತಿತ್ತು. ಜವಾನರ ಮೈಮೇಲೆ ಹತ್ತಿಯ ಬಟ್ಟೆ, ಒಬ್ಬೊಬ್ಬನ ಹತ್ತಿರ 50 ಗುಂಡು. ಇಂಥ ಜಾಗಕ್ಕೆ ಸೈನ್ಯ ಕಳಿಸಿ ಅಂತ ಒತ್ತಿದವರು ದೆಹಲಿಯಲ್ಲಿದ್ದರು. ಎಲ್ಲ ತಪ್ಪನ್ನೂ ಕೌಲ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅವರು ಅಲ್ಲಿಗೆ ಹೋಗಿ ಮಾಡಿದ್ದು ಜನರಲ್‌ನ ಕೆಲಸವಲ್ಲ. ಯಾವ ತುಕಡಿ ಎಲ್ಲಿಗೆ ಹೋಗಬೇಕು ಅಂತ ನೋಡುವುದು, ಅಂದರೆ ಕರ್ನಲ್, ಮೇಜರ್‌ಗಳ ಕೆಲಸ. ಆಮೇಲೆ ಕಾಯಿಲೆ ಬಿದ್ದು ದೆಹಲಿಗೆ ಹೋಗಿ, ಹಾಸಿಗೆಯಿಂದಲೇ ಆದೇಶ ಕೊಡತೊಡಗಿದರು. ಅಕ್ಟೋಬರ್ 20ರ ಬೆಳಗ್ಗೆ ಚೀನೀಯರು ಬಂದರು. 2 ರಜಪೂತ್ ಒಂದೇ ಪಲ್ಟನ್ನಿನಲ್ಲಿ 282 ಜನ ಸತ್ತರು. ಎರಡು ದಿನಕ್ಕೆ ದಳ್ವಿ ಸೆರೆ ಸಿಕ್ಕರು. ತಿಮ್ಮಯ್ಯ ಆಗ ಸೈನ್ಯದಲ್ಲಿರಲಿಲ್ಲ. ಮುಖ್ಯಸ್ಥರಾಗಿದ್ದು, ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆ ಜಗಳವಾಗಿ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರು ಮಾತಿಗೆ ವಾಪಸ್ ಪಡೆದು, 1961ರ ಮೇನಲ್ಲಿ ನಿವೃತ್ತರಾಗಿದ್ದರು.

ಇಬ್ಬರೂ ಮುಂದೆ ಹೋದರು. ಒಬ್ಬರ ಹಿಂದೆ ತಂಬಿಗಳ ರಸ್ತೆ ಇತ್ತು. ಇನ್ನೊಬ್ಬರ ಹಿಂದೆ ಇರಲಿಲ್ಲ. ಮಾಜಿ ಸೈನಿಕರ ಮಾತಿನಲ್ಲಿ ಬೂಟು, ಊಟ, ಸಾಹೇಬ ನಿಂತ ಜಾಗ ಮೂರೂ ಒಟ್ಟಿಗೇ ಬರುವುದು ಇದಕ್ಕೇ ಇರಬೇಕು. ಬೂಟು ಕೊಡದೆ ಮುಂದೆ ಬಂದು ನಿಂತವನ ಮೇಲೂ ನಂಬಿಕೆ ಇಲ್ಲ, ಬೂಟು ಕೊಟ್ಟು ಹಿಂದೆಯೇ ಉಳಿದವನ ಮೇಲೂ ಅಷ್ಟಕ್ಕಷ್ಟೆ.

ನಡುವೆ ಇನ್ನೊಬ್ಬರನ್ನು ಬಿಟ್ಟೆ. ಸುಬೇದಾರ್ ಸಾಬ್. ಇವರು ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್), ಸಿಪಾಯಿಯಾಗಿ ಸೇರಿ ಹಂತ ಹಂತವಾಗಿ ಮೇಲೆ ಬಂದವರು. ಹೊಸ ಲೆಫ್ಟಿನೆಂಟ್ ಬಂದಾಗ ಸೆಲ್ಯೂಟ್ ಹೊಡೆಯುವವರೂ ಇವರೇ, ಆಮೇಲೆ ಪಕ್ಕಕ್ಕೆ ಕರೆದು "ಸಾಬ್, ಹೀಗೆ ಮಾಡಿದರೆ ಹೇಗೆ?" ಅಂತ ತಿದ್ದುವವರೂ ಇವರೇ. ಜವಾನನ ಮನೆಯಲ್ಲಿ ಜಮೀನು ತಗಾದೆ ಇದೆಯಾ, ಹೆಂಡತಿಗೆ ಹುಷಾರಿಲ್ಲವಾ, ಇವರಿಗೆ ಗೊತ್ತಿರುತ್ತದೆ. ಪತ್ರಿಕೆಯ ಯುದ್ಧ ವರದಿಗಳಲ್ಲಿ ಇವರು ಅಪರೂಪ. ಮಾಜಿ ಸೈನಿಕರ ಮಾತಿನಲ್ಲಿ ಇವರದ್ದೇ ರಾಜ್ಯ.

ಹಾಗಂತ ಹಿರಿಯರು ಹೇಳಿದ್ದನ್ನೆಲ್ಲ ಇತಿಹಾಸ ಅಂತ ಬರೆದುಕೊಳ್ಳುವ ಹಾಗೂ ಇಲ್ಲ. ಯುದ್ಧದಲ್ಲಿ ಒಬ್ಬನಿಗೆ ಕಾಣುವುದು ಕೂಗಳತೆಯಷ್ಟು ಜಾಗ. ಹೊಗೆ, ಸದ್ದು, ಎರಡು ಮೂರು ರಾತ್ರಿಯ ನಿದ್ದೆಗೇಡು. ಆಮೇಲೆ ಪ್ರತಿ ಬಡಾಖಾನಾದಲ್ಲಿ (ಸೈನ್ಯದವರೆಲ್ಲ ಸೇರುವ ದೊಡ್ಡ ಊಟದಲ್ಲಿ), ಪ್ರತಿ ಮದುವೆ ಮನೆಯಲ್ಲಿ ಅದೇ ಕತೆ ಹೇಳಿ ಹೇಳಿ ಅಂಚು ಸವೆಯುತ್ತದೆ. ಪಕ್ಕದವನ ಕತೆ ನಮ್ಮದಾಗುತ್ತದೆ. ಬೇಕಂತ ಹೇಳುವ ಸುಳ್ಳಲ್ಲ ಅದು.

ಕೆಲವೊಮ್ಮೆ ನಮ್ಮವನು ಮಾಡಿದ್ದನ್ನು ಎದುರಾಳಿಯೇ ಹೇಳಬೇಕಾಗುತ್ತದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ಮರಳಲಿಲ್ಲ. ಕಾಣೆಯಾದರು ಅಂತಷ್ಟೇ ಆಗ ಇಲ್ಲಿದ್ದ ದಾಖಲೆ. ಅವರ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅವರ ಬೆನ್ನು ಹತ್ತಿತ್ತು, ಪೆಟ್ಟು ತಿಂದ ಮೇಲೂ ಅವರು ತಿರುಗಿ ಬಿದ್ದು ಅದನ್ನು ಹೊಡೆದುರುಳಿಸಿದ್ದರು ಅನ್ನುವುದು ಪಾಕಿಸ್ತಾನದ ಕಡೆಯ ವಿವರ ಹೊರಬಿದ್ದ ಮೇಲೆ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ!

ಇನ್ನು ಕೇಳುವವರಿಗೆ ಒಂದು ಮಾತು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಹಿರಿಯರಿದ್ದರೆ "ಎಷ್ಟು ಜನರನ್ನ ಕೊಂದ್ರಿ?" ಅಂತ ಮಾತ್ರ ಕೇಳಬೇಡಿ. ಮಾತು ಅಲ್ಲಿಗೆ ನಿಲ್ಲುತ್ತದೆ. ರಾತ್ರಿ ಎಲ್ಲಿ ಮಲಗ್ತಿದ್ರಿ, ಕಾಗದ ಎಷ್ಟು ದಿನಕ್ಕೆ ಬರ್ತಿತ್ತು, ಲಂಗರಲ್ಲಿ ಏನು ಅಡುಗೆ, ನಿಮ್ಮ ಸುಬೇದಾರ್ ಯಾವ ಊರಿನವರು ಅಂತ ಕೇಳಿ. ಸಾಹೇಬರ ಬಗ್ಗೆ ಕೇಳಿದಾಗ ಯಾರ ಹೆಸರು ಬರುತ್ತದೆ ಅನ್ನುವುದರಷ್ಟೇ ಯಾರ ಹೆಸರು ಬರುವುದಿಲ್ಲ ಅನ್ನುವುದನ್ನೂ ಗಮನಿಸಿ. ಮಿಲಿಟರಿಯವರು ತಮ್ಮ ಆಫೀಸರನ್ನು ಹೊರಗಿನವರ ಮುಂದೆ ಬೈಯುವುದಿಲ್ಲ. "ಆ ಸಾಬ್ ಇದ್ರು" ಅಂತ ಒಂದು ಮಾತು ಹೇಳಿ ಚಹಾ ಲೋಟ ಎತ್ತಿಕೊಂಡರೆ, ಅಲ್ಲಿಗೆ ಆ ಸಾಬ್ ಕತೆ ಮುಗಿಯಿತು.

ಜೋಜಿಲಾ ಬಗ್ಗೆ ನಾನು ಓದಿದ್ದು ಕೆಲಸಕ್ಕೆ ಸೇರಿದ ಮೇಲೆ. ದೊಡ್ಡಪ್ಪ ಆಗಿನ್ನೂ ಇದ್ದರು. ಊರಿಗೆ ಹೋದಾಗ ಬಹಳ ಉತ್ಸಾಹದಲ್ಲಿ ಹೇಳಿದೆ. ಜನರಲ್ ತಿಮ್ಮಯ್ಯ ಮೊದಲ ಟ್ಯಾಂಕಿನಲ್ಲಿ ಕೂತಿದ್ದು, ಅದು ಹನ್ನೊಂದು ಸಾವಿರ ಅಡಿ ಹತ್ತಿದ್ದು, ಎಲ್ಲ. ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, "ರಸ್ತೆ ಮಾಡಿದ್ದು ನಿಮ್ಮ ತಂಬಿಗಳೇ ಅಂತೆ ದೊಡ್ಡಪ್ಪ" ಅಂದೆ.

"ಮತ್ತಿನ್ನೇನು, ಟ್ಯಾಂಕು ಹಾರ್ಕೊಂಡು ಹೋಯ್ತಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಆ ಚಳೀಲಿ ಹುಡುಗ್ರು ಕಾಲಿಗೆ ಏನು ಹಾಕ್ಕೊಂಡಿದ್ರಂತೆ?"